ಒಂದು ಕುರ್ಚಿ, ಎರಡು ಪತ್ರ: ಮ್ಯಾನ್ಮಾರ್ ಪ್ರಕರಣದಲ್ಲಿ ಅಂತರರಾಷ್ಟ್ರೀಯ ಸಂಸ್ಥೆಗಳ ಮಿತಿ

2021ರ ಫೆಬ್ರುವರಿ 26ರಂದು ನ್ಯೂಯಾರ್ಕ್‌ನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಮ್ಯಾನ್ಮಾರ್‌ನ ಪರಿಸ್ಥಿತಿಯನ್ನು ಚರ್ಚಿಸಲು ಸೇರಿತ್ತು. ಆ ದೇಶದ ಕಾಯಂ ಪ್ರತಿನಿಧಿ ಕ್ಯಾವ್ ಮೋ ತುನ್ ತಮ್ಮ ಭಾಷಣವನ್ನು ಓದತೊಡಗಿದರು. ಸೇನೆ ಅಧಿಕಾರ ಕಿತ್ತುಕೊಂಡು ಅಂದಿಗೆ ಇಪ್ಪತ್ತೈದು ದಿನ ಕಳೆದಿತ್ತು. ಅವರನ್ನು ನೇಮಿಸಿದ್ದ ವಿದೇಶಾಂಗ ಸಚಿವಾಲಯ ಅಷ್ಟರಲ್ಲಿ ಸೇನೆಯ ವಶವಾಗಿತ್ತು. ಆದರೂ ತಾವು ಜನರು ಆರಿಸಿದ ಸರ್ಕಾರದ ಪರವಾಗಿ ಮಾತನಾಡುತ್ತಿರುವುದಾಗಿ ಅವರು ಹೇಳಿದರು, ಸೇನೆಯ ವಿರುದ್ಧ ಅಗತ್ಯವಾದ ಯಾವುದೇ ಕ್ರಮವನ್ನು ಕೈಗೊಳ್ಳುವಂತೆ ಸದಸ್ಯ ರಾಷ್ಟ್ರಗಳನ್ನು ಕೋರಿದರು, ಕೊನೆಯಲ್ಲಿ ಬರ್ಮೀಸ್ ಭಾಷೆಯಲ್ಲಿ ನಾಲ್ಕು ಮಾತಾಡಿ, ಬೀದಿಯಲ್ಲಿದ್ದ ಪ್ರತಿಭಟನಾಕಾರರು ಎತ್ತುತ್ತಿದ್ದ ಹಾಗೆಯೇ ಮೂರು ಬೆರಳು ಎತ್ತಿ ಹಿಡಿದರು. ಸಭೆ ಚಪ್ಪಾಳೆ ತಟ್ಟಿತು. ಅವರನ್ನು ಹುದ್ದೆಯಿಂದ ವಜಾ ಮಾಡಲಾಗಿದೆ ಎಂದು ಮರುದಿನ ಮ್ಯಾನ್ಮಾರ್‌ನ ಸರ್ಕಾರಿ ಟೆಲಿವಿಷನ್ ಪ್ರಕಟಿಸಿತು.

ಆದರೆ ವಜಾ ಆದವರು ಕುರ್ಚಿ ಬಿಡಲಿಲ್ಲ, ಅವರನ್ನು ಎಬ್ಬಿಸಲು ಸೇನೆಗೆ ಸಾಧ್ಯವಾಗಲೂ ಇಲ್ಲ. ಇಡೀ ದೇಶದ ಪೊಲೀಸು, ಬ್ಯಾಂಕು, ವಿಮಾನದಳ, ಸೆರೆಮನೆ ಎಲ್ಲವೂ ಕೈಯಲ್ಲಿದ್ದ ಸೇನೆಗೆ ನ್ಯೂಯಾರ್ಕಿನ ಆ ಒಂದು ಆಸನ ಸಿಗಲಿಲ್ಲ. ಆ ಆಸನವಿದ್ದ ಚುನಾಯಿತ ಪ್ರತಿನಿಧಿಗಳಿಗೆ ದೇಶದೊಳಗೆ ಒಂದು ಕಚೇರಿಯ ಬಾಗಿಲು ತೆರೆಸುವ ಶಕ್ತಿಯೂ ಇರಲಿಲ್ಲ. ಪ್ರಜಾಪ್ರಭುತ್ವ ಮತ್ತು ಮಾನವ ಹಕ್ಕುಗಳ ವಿಷಯದಲ್ಲಿ ಅಂತರರಾಷ್ಟ್ರೀಯ ಸಂಸ್ಥೆಗಳ ಕೈ ಎಲ್ಲಿಯವರೆಗೆ ಚಾಚುತ್ತದೆ, ಎಲ್ಲಿ ನಿಂತುಬಿಡುತ್ತದೆ ಎಂಬುದನ್ನು ತಿಳಿಯಲು ಇದಕ್ಕಿಂತ ಸ್ಪಷ್ಟವಾದ ಪ್ರಕರಣ ನನಗೆ ಗೊತ್ತಿಲ್ಲ. ‘ವಿಶ್ವಸಂಸ್ಥೆ ಸೋತಿತು’ ಎಂಬ ಮಾತನ್ನು ನಾವು ಸುಲಭವಾಗಿ ಆಡುತ್ತೇವೆ. ಯಾವ ಅಂಗ, ಯಾವ ದಿನ, ಯಾರ ಮತದಿಂದ ಸೋತಿತು ಎಂದು ಕೇಳುವುದು ಈ ಬರಹದ ಉದ್ದೇಶ. ಹಾಗೆ ಕೇಳದೆ ಹೋದರೆ ತಪ್ಪೆಲ್ಲ ಒಂದು ಕಟ್ಟಡದ ಮೇಲೆ ಬೀಳುತ್ತದೆ, ಕೈ ಎತ್ತದ ಸರ್ಕಾರಗಳು ತಪ್ಪಿಸಿಕೊಳ್ಳುತ್ತವೆ.

ದಂಗೆಗೆ ಮೊದಲು

ಮ್ಯಾನ್ಮಾರ್ ಅಂತರರಾಷ್ಟ್ರೀಯ ವ್ಯವಸ್ಥೆಗೆ ಹೊರಗಿನ ದೇಶವೇನಲ್ಲ. 1948ರಲ್ಲಿ ಸ್ವತಂತ್ರವಾದ ವರ್ಷವೇ ಅದು ವಿಶ್ವಸಂಸ್ಥೆಯನ್ನು ಸೇರಿ, ಅದೇ ಡಿಸೆಂಬರಿನಲ್ಲಿ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಪರವಾಗಿ ಮತ ಹಾಕಿತು. ಸರ್ಕಾರದ ಅಧಿಕಾರಕ್ಕೆ ಜನರ ಇಚ್ಛೆಯೇ ಆಧಾರ ಎಂದು ಹೇಳುವ 21ನೇ ವಿಧಿ ಇರುವುದು ಆ ಘೋಷಣೆಯಲ್ಲೇ. 1961ರಿಂದ 1971ರವರೆಗೆ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಊ ಥಾಂಟ್ ಅದೇ ದೇಶದವರು. ಅವರು ಅಧಿಕಾರ ವಹಿಸಿಕೊಂಡ ಮರುವರ್ಷವೇ, 1962ರಲ್ಲಿ, ಅಲ್ಲಿ ಸೇನಾಡಳಿತ ಶುರುವಾಯಿತು. 1974ರಲ್ಲಿ ಅವರ ಪಾರ್ಥಿವ ಶರೀರ ಊರಿಗೆ ಬಂದಾಗ ಗೌರವದ ಅಂತ್ಯಕ್ರಿಯೆಗಾಗಿ ಸೇರಿದ ವಿದ್ಯಾರ್ಥಿಗಳ ಪ್ರತಿಭಟನೆಯನ್ನೂ ಸೇನೆ ಬಲಪ್ರಯೋಗದಿಂದ ಹತ್ತಿಕ್ಕಿತು.

1990ರ ಚುನಾವಣೆಯಲ್ಲಿ ಆಂಗ್ ಸಾನ್ ಸೂ ಕಿ ಅವರ ಪಕ್ಷವಾದ ರಾಷ್ಟ್ರೀಯ ಪ್ರಜಾಪ್ರಭುತ್ವ ಲೀಗ್ 485 ಸ್ಥಾನಗಳಲ್ಲಿ 392ನ್ನು ಗೆದ್ದಿತು, ಸೇನೆ ಅಧಿಕಾರ ಬಿಟ್ಟುಕೊಡಲಿಲ್ಲ. 2007ರ ಜನವರಿಯಲ್ಲಿ ರಾಜಕೀಯ ಕೈದಿಗಳ ಬಿಡುಗಡೆ ಕೇಳುವ ಕರಡು ನಿರ್ಣಯ ಭದ್ರತಾ ಮಂಡಳಿಗೆ ಬಂದಾಗ ಚೀನಾ ಮತ್ತು ರಷ್ಯಾ ವೀಟೊ ಹಾಕಿದವು. 2008ರಲ್ಲಿ ಸೇನೆ ತಾನೇ ಬರೆಸಿದ ಸಂವಿಧಾನವನ್ನು ತಂದಿತು. ಸಂಸತ್ತಿನ ಕಾಲು ಭಾಗ ಸ್ಥಾನ ಸೇನೆಯ ನಾಮನಿರ್ದೇಶಿತರಿಗೆ ಮೀಸಲು, ಸಂವಿಧಾನದ ಮುಖ್ಯ ವಿಧಿಗಳನ್ನು ತಿದ್ದಲು ಮುಕ್ಕಾಲಿಗಿಂತ ಹೆಚ್ಚು ಮತ ಬೇಕು. ರಕ್ಷಣೆ, ಗೃಹ, ಗಡಿ ವ್ಯವಹಾರ ಎಂಬ ಮೂರು ಖಾತೆಗಳು ಸೇನಾಪತಿ ಸೂಚಿಸಿದವರಿಗೇ. ಈ ಚೌಕಟ್ಟಿನೊಳಗೆ 2015ರಲ್ಲಿ ಸೂ ಕಿ ಪಕ್ಷ ಗೆದ್ದಾಗ ಜಗತ್ತು ಸಂಭ್ರಮಿಸಿತು. ಅನೇಕ ದೇಶಗಳು ನಿರ್ಬಂಧ ತೆಗೆದವು, ನೆರವು ಹರಿದು ಬಂತು. ಬೀಗದ ಕೈ ಸೇನೆಯ ಬಳಿಯೇ ಉಳಿದಿದೆ ಎಂಬ ಎಚ್ಚರವನ್ನು ಆ ಸಂಭ್ರಮ ಮಸುಕು ಮಾಡಿತು ಎಂದೇ ನನ್ನ ಅಭಿಪ್ರಾಯ.

ಆ ಎಚ್ಚರ ತಪ್ಪಿದ್ದಕ್ಕೆ ಬೆಲೆ ತೆತ್ತವರು ಮುಸ್ಲಿಂ ಅಲ್ಪಸಂಖ್ಯಾತರಾದ ರೊಹಿಂಗ್ಯಾಗಳು. 2017ರ ಆಗಸ್ಟ್ ನಂತರ ಏಳು ಲಕ್ಷಕ್ಕೂ ಹೆಚ್ಚು ಮಂದಿ ರಖೈನ್ ಪ್ರಾಂತ್ಯದಿಂದ ಬಾಂಗ್ಲಾದೇಶಕ್ಕೆ ಓಡಿದರು. ಅದಕ್ಕೆ ಮೊದಲಿನ ವರ್ಷಗಳಲ್ಲಿ ವಿಶ್ವಸಂಸ್ಥೆಯ ಶಾಖೆಗಳು ಅಲ್ಲಿ ಹೇಗೆ ನಡೆದುಕೊಂಡವು ಎಂದು ಪರಿಶೀಲಿಸಿದ ಗರ್ಟ್ ರೋಸೆಂಥಾಲ್ ಅವರ ವರದಿ 2019ರಲ್ಲಿ ಹೊರಬಂತು. ಸರ್ಕಾರದೊಡನೆ ಸಂಬಂಧ ಉಳಿಸಿಕೊಂಡು ಅಭಿವೃದ್ಧಿ ಕೆಲಸ ಮಾಡಬೇಕು ಎನ್ನುವವರು ಒಂದು ಕಡೆ, ಹಕ್ಕುಗಳ ಉಲ್ಲಂಘನೆಯನ್ನು ಬಹಿರಂಗವಾಗಿ ಹೇಳಲೇಬೇಕು ಎನ್ನುವವರು ಇನ್ನೊಂದು ಕಡೆ. ಇಬ್ಬರನ್ನೂ ಒಂದು ದಾರಿಗೆ ತರುವವರು ಯಾರೂ ಇರಲಿಲ್ಲ. ಇದನ್ನು ವ್ಯವಸ್ಥೆಯದೇ ವೈಫಲ್ಯ ಎಂದು ವರದಿ ನೇರವಾಗಿ ಒಪ್ಪಿಕೊಂಡಿತು.

2020ರ ನವೆಂಬರ್ 8ರ ಚುನಾವಣೆಯಲ್ಲಿ ಸೂ ಕಿ ಪಕ್ಷ 476ರಲ್ಲಿ 396 ಸ್ಥಾನ ಪಡೆಯಿತು. ಸೇನೆ ಬೆಂಬಲಿತ ಪಕ್ಷಕ್ಕೆ ಸಿಕ್ಕಿದ್ದು 33. ಮತದಾರರ ಪಟ್ಟಿಯಲ್ಲಿ ಅಕ್ರಮ ನಡೆದಿದೆ ಎಂಬ ಸೇನೆಯ ದೂರನ್ನು ಚುನಾವಣಾ ಆಯೋಗ ಒಪ್ಪಲಿಲ್ಲ. ಹೊಸ ಸಂಸತ್ತು ಸೇರಬೇಕಿದ್ದ ದಿನವೇ, 2021ರ ಫೆಬ್ರುವರಿ 1ರ ನಸುಕಿನಲ್ಲಿ, ಅಧ್ಯಕ್ಷ ವಿನ್ ಮಿಂಟ್ ಮತ್ತು ಸೂ ಕಿ ಬಂಧಿತರಾದರು. ಸೂ ಕಿ ಅವರ ಮೇಲೆ ಹೊರಿಸಿದ ಮೊದಲ ಆರೋಪ, ಮನೆಯಲ್ಲಿ ಅಕ್ರಮವಾಗಿ ಆಮದು ಮಾಡಿದ ವಾಕಿಟಾಕಿಗಳಿದ್ದವು ಎಂಬುದು.

ಭದ್ರತಾ ಮಂಡಳಿಯಲ್ಲಿ ಒಂದು ಪದ

ಭದ್ರತಾ ಮಂಡಳಿಯ ಮೊದಲ ಪ್ರತಿಕ್ರಿಯೆ ಫೆಬ್ರುವರಿ 4ರ ಪತ್ರಿಕಾ ಹೇಳಿಕೆ. ಬಂಧಿತರನ್ನು ಬಿಡಬೇಕೆಂದು ಅದು ಕೇಳಿತು, ಆದರೆ ನಡೆದದ್ದನ್ನು ‘ಸೇನಾ ದಂಗೆ’ ಎಂದು ಕರೆಯಲಿಲ್ಲ. ಮಾರ್ಚ್ 10ರಂದು ಬಂದ ಅಧ್ಯಕ್ಷೀಯ ಹೇಳಿಕೆ ಪ್ರತಿಭಟನಾಕಾರರ ಮೇಲಿನ ಹಿಂಸೆಯನ್ನು ಬಲವಾಗಿ ಖಂಡಿಸಿತು. ಆ ಪದ ಅಲ್ಲಿಯೂ ಇರಲಿಲ್ಲ. ಕರಡಿನಲ್ಲಿ ದಂಗೆ ಎಂಬ ಮಾತೂ ಮುಂದಿನ ಕ್ರಮದ ಎಚ್ಚರಿಕೆಯೂ ಇದ್ದವು, ಚೀನಾ, ರಷ್ಯಾ, ಭಾರತ, ವಿಯೆಟ್ನಾಂಗಳ ಆಕ್ಷೇಪದ ಮೇಲೆ ಅವನ್ನು ಕೈಬಿಡಲಾಯಿತು ಎಂದು ಆಗ ಸುದ್ದಿಸಂಸ್ಥೆಗಳು ವರದಿ ಮಾಡಿದವು. ಹೊರಗಿನವರಿಗೆ ಇದು ಪದಗಳ ಜಗ್ಗಾಟವಾಗಿ ಕಂಡೀತು. ಆದರೆ ದಂಗೆ ಎಂದು ಒಪ್ಪಿದರೆ ಅಧಿಕಾರ ಹಿಡಿದವರು ಅಕ್ರಮವಾಗಿ ಹಿಡಿದರು ಎಂದು ಒಪ್ಪಿದಂತೆ. ಒಪ್ಪಿದ ಮೇಲೆ ಏನಾದರೂ ಮಾಡಬೇಕಾಗುತ್ತದೆ. ಪದವನ್ನು ತಡೆಯುವುದು ಕ್ರಮವನ್ನು ತಡೆಯುವ ಮೊದಲ ಹೆಜ್ಜೆ.

ಅದೇ ಮಾರ್ಚ್ 27ರಂದು ರಾಜಧಾನಿ ನೇಪಿಡಾದಲ್ಲಿ ಸಶಸ್ತ್ರ ಪಡೆಗಳ ದಿನದ ಪಥಸಂಚಲನ ನಡೆಯಿತು. ರಷ್ಯಾದ ರಕ್ಷಣಾ ಉಪಸಚಿವರು ಬಂದು ಕುಳಿತಿದ್ದರು. ಚೀನಾ, ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಥಾಯ್ಲೆಂಡ್, ಲಾವೋಸ್, ವಿಯೆಟ್ನಾಂಗಳೂ ಪ್ರತಿನಿಧಿಗಳನ್ನು ಕಳಿಸಿದ್ದವು. ಆ ಒಂದೇ ದಿನ ದೇಶದ ಊರೂರುಗಳ ಬೀದಿಗಳಲ್ಲಿ ನೂರಕ್ಕೂ ಹೆಚ್ಚು ಜನರನ್ನು ಸೇನೆ ಮತ್ತು ಪೊಲೀಸರು ಕೊಂದರು. ಹೇಳಿಕೆಯನ್ನು ಒಮ್ಮತದಿಂದ ಹೊರಡಿಸಿದ ಮಂಡಳಿಯ ಕೆಲವು ಸದಸ್ಯರೇ ಹದಿನೇಳು ದಿನಗಳಲ್ಲಿ ಆ ವೇದಿಕೆಯ ಅತಿಥಿಗಳಾಗಿದ್ದರು. ಮಂಡಳಿಯ ಮಾತಿಗೆ ಸೇನೆ ಎಷ್ಟು ಬೆಲೆ ಕೊಡಬೇಕು ಎಂಬುದನ್ನು ಅದರ ಸದಸ್ಯರೇ ಹೀಗೆ ತಿಳಿಸಿಕೊಟ್ಟರು.

ಮಂಡಳಿ ಒಂದು ಪೂರ್ಣ ನಿರ್ಣಯಕ್ಕೆ ಬರಲು ಮುಂದಿನ ವರ್ಷದ ಡಿಸೆಂಬರ್ 21ರವರೆಗೆ ಕಾಯಬೇಕಾಯಿತು. 2022ರ 2669ನೇ ನಿರ್ಣಯ, ಬರ್ಮಾವನ್ನು (ಮ್ಯಾನ್ಮಾರ್‌ನ ಅಂದಿನ ಹೆಸರು) ಸದಸ್ಯನಾಗಿ ಸೇರಿಸಿಕೊಳ್ಳಲು ಶಿಫಾರಸು ಮಾಡಿದ 1948ರ ನಿರ್ಣಯವನ್ನು ಬಿಟ್ಟರೆ, ಆ ದೇಶದ ಬಗ್ಗೆ ಮಂಡಳಿ ಅಂಗೀಕರಿಸಿದ ಮೊದಲನೆಯದು. ಹನ್ನೆರಡು ದೇಶಗಳು ಪರವಾಗಿ ಮತ ಹಾಕಿದವು. ಚೀನಾ, ರಷ್ಯಾ, ಭಾರತ ಮತದಾನದಿಂದ ದೂರ ಉಳಿದವು. ಆ ತಿಂಗಳು ಮಂಡಳಿಯ ಅಧ್ಯಕ್ಷ ಪೀಠದಲ್ಲಿದ್ದದ್ದು ಭಾರತವೇ. ನಿರ್ಣಯದಿಂದ ಎರಡೂ ಕಡೆಯವರು ಇನ್ನಷ್ಟು ಹಟ ಹಿಡಿದಾರು, ಸದ್ದಿಲ್ಲದ ರಾಜತಾಂತ್ರಿಕ ಮಾತುಕತೆಯೇ ಮೇಲು ಎಂಬುದು ಭಾರತ ಕೊಟ್ಟ ಕಾರಣ. ಮ್ಯಾನ್ಮಾರ್‌ನೊಂದಿಗೆ 1,643 ಕಿ.ಮೀ. ಗಡಿ ಹಂಚಿಕೊಂಡಿರುವ, ಈಶಾನ್ಯದ ಬಂಡುಕೋರರ ನೆಲೆಗಳ ಬಗ್ಗೆ ಅಲ್ಲಿನ ಸೇನೆಯ ಸಹಕಾರ ಬೇಕಾಗಿರುವ, ಚೀನಾದ ಪ್ರಭಾವ ಬೆಳೆಯುವುದನ್ನು ನೋಡುತ್ತಿರುವ ದೇಶಕ್ಕೆ ಈ ಅಳುಕು ಇರುವುದು ಅರ್ಥವಾಗುತ್ತದೆ. ಆದರೆ ಅದೇ ಗಡಿ ದಾಟಿ ಮಿಜೋರಾಮ್‌ಗೆ ಓಡಿಬಂದ ಸಾವಿರಾರು ಚಿನ್ ನಿರಾಶ್ರಿತರಿಗೆ ಅಲ್ಲಿನ ಜನ ಅನ್ನ, ಸೂರು ಕೊಟ್ಟರು ಎಂಬುದನ್ನೂ ನೆನೆದರೆ, ಮಿಜೋರಾಮಿನ ಜನಕ್ಕೆ ಕಂಡ ಸತ್ಯ ನ್ಯೂಯಾರ್ಕಿನ ಮತದಲ್ಲಿ ಕಾಣಲಿಲ್ಲವಲ್ಲ ಎಂಬ ನೋವು ನನಗಿದೆ.

ನಿರ್ಣಯದಲ್ಲಿ ಏನಿತ್ತು? ಹಿಂಸೆ ನಿಲ್ಲಲಿ, ಕೈದಿಗಳನ್ನು ಬಿಡಲಿ ಎಂಬ ಒತ್ತಾಯವಿತ್ತು. ಕೇಳದಿದ್ದರೆ ಏನು ಎಂಬುದು ಇರಲಿಲ್ಲ. ವಿಶ್ವಸಂಸ್ಥೆಯ ಸನ್ನದಿನ ಏಳನೇ ಅಧ್ಯಾಯದ ಅಡಿಯಲ್ಲಿ ಆಯುಧ ನಿರ್ಬಂಧ ವಿಧಿಸುವ ಅಧಿಕಾರ ಮಂಡಳಿಗಿದೆ. ಅದನ್ನು ಮುಟ್ಟಿದ್ದರೆ ವೀಟೊ ಬೀಳುವುದು ಖಚಿತವಾಗಿದ್ದುದರಿಂದ ಯಾರೂ ಮುಟ್ಟಲಿಲ್ಲ. ವೀಟೊ ಹಾಕಿದಾಗ ಮಾತ್ರ ವೀಟೊ ಕೆಲಸ ಮಾಡುತ್ತದೆ ಎಂದುಕೊಳ್ಳುವುದು ತಪ್ಪು. ಅದು ಕರಡು ಬರೆಯುವವರ ಲೇಖನಿಯಲ್ಲೇ ಕುಳಿತಿರುತ್ತದೆ.

ಕುರ್ಚಿ ಯಾರದು

ಈಗ ಮತ್ತೆ ಆ ಆಸನದ ವಿಷಯಕ್ಕೆ ಬರೋಣ. ಪ್ರತಿ ವರ್ಷ ಸಾಮಾನ್ಯ ಸಭೆ ಸೇರಿದಾಗ ಪ್ರತಿ ದೇಶವೂ ‘ಇವರೇ ನಮ್ಮ ಪ್ರತಿನಿಧಿಗಳು’ ಎಂಬ ಅಧಿಕಾರಪತ್ರವನ್ನು ಕೊಡಬೇಕು. ರಾಷ್ಟ್ರದ ಮುಖ್ಯಸ್ಥರು, ಸರ್ಕಾರದ ಮುಖ್ಯಸ್ಥರು ಅಥವಾ ವಿದೇಶಾಂಗ ಸಚಿವರು ಅದಕ್ಕೆ ಸಹಿ ಹಾಕಿರಬೇಕು. ಒಂಬತ್ತು ದೇಶಗಳ ಸಮಿತಿಯೊಂದು ಈ ಪತ್ರಗಳನ್ನು ಪರಿಶೀಲಿಸಿ ಸಭೆಗೆ ವರದಿ ಮಾಡುತ್ತದೆ. ಸಾಮಾನ್ಯವಾಗಿ ಇದು ಯಾರ ಕಣ್ಣಿಗೂ ಬೀಳದ ಗುಮಾಸ್ತಿಕೆಯ ಕೆಲಸ. 2021ರಲ್ಲಿ ಮ್ಯಾನ್ಮಾರ್‌ನಿಂದ ಎರಡು ಪತ್ರ ಬಂದವು. ಪದಚ್ಯುತ ಸಂಸದರು ಏಪ್ರಿಲ್ 16ರಂದು ರಚಿಸಿದ್ದ ರಾಷ್ಟ್ರೀಯ ಏಕತಾ ಸರ್ಕಾರ ಕ್ಯಾವ್ ಮೋ ತುನ್ ಅವರನ್ನೇ ಹೆಸರಿಸಿತ್ತು. ಸೇನೆ ತನ್ನ ಮಾಜಿ ಅಧಿಕಾರಿಯೊಬ್ಬರನ್ನು ಸೂಚಿಸಿತ್ತು. ಆ ವರ್ಷ ಸಮಿತಿಯಲ್ಲಿ ಇದ್ದವು ಬಹಾಮಾಸ್, ಭೂತಾನ್, ಚಿಲಿ, ಚೀನಾ, ನಮೀಬಿಯಾ, ರಷ್ಯಾ, ಸಿಯೆರಾ ಲಿಯೋನ್, ಸ್ವೀಡನ್ ಮತ್ತು ಅಮೆರಿಕ.

ಇಂಥ ಸಂದರ್ಭಕ್ಕೆಂದೇ 1950ರಲ್ಲಿ ಸಾಮಾನ್ಯ ಸಭೆ ಒಂದು ನಿರ್ಣಯ ಮಾಡಿದೆ. ಒಂದಕ್ಕಿಂತ ಹೆಚ್ಚು ಅಧಿಕಾರ ಕೇಂದ್ರಗಳು ಒಂದೇ ದೇಶದ ಹೆಸರಿನಲ್ಲಿ ಬಂದಾಗ, ಸನ್ನದಿನ ಉದ್ದೇಶ ಮತ್ತು ತತ್ವಗಳ ಬೆಳಕಿನಲ್ಲಿ, ಆಯಾ ಪ್ರಕರಣದ ಸನ್ನಿವೇಶ ನೋಡಿ ತೀರ್ಮಾನಿಸಬೇಕು ಎಂಬುದು ಅದರ ತಾತ್ಪರ್ಯ. ಒಳ್ಳೆಯ ಮಾತು. ಆದರೆ ವಿಶ್ವಸಂಸ್ಥೆಯ ಸನ್ನದಿನಲ್ಲಿ ‘ಪ್ರಜಾಪ್ರಭುತ್ವ’ ಎಂಬ ಪದವೇ ಇಲ್ಲ. ಮಾನವ ಹಕ್ಕುಗಳನ್ನು ಗೌರವಿಸಬೇಕೆಂದು ಮೊದಲ ವಿಧಿ ಹೇಳುತ್ತದೆ. ಯಾವ ದೇಶದ ಆಂತರಿಕ ವ್ಯವಹಾರದಲ್ಲೂ ಸಂಸ್ಥೆ ಕೈಹಾಕಬಾರದೆಂದು ಎರಡನೇ ವಿಧಿಯ ಏಳನೇ ಉಪವಿಧಿ ಹೇಳುತ್ತದೆ. ಎರಡರಲ್ಲಿ ಯಾವುದು ಹೆಚ್ಚು ತೂಗುತ್ತದೆ ಎಂಬುದನ್ನು ತಕ್ಕಡಿ ಹಿಡಿದವರು ನಿರ್ಧರಿಸುತ್ತಾರೆ.

ಹಳೆಯ ಉದಾಹರಣೆಗಳೂ ಒಂದೇ ದಿಕ್ಕಿಗೆ ಕೈ ತೋರಿಸುವುದಿಲ್ಲ. 1991ರಲ್ಲಿ ಹೈಟಿಯಲ್ಲಿ ಪದಚ್ಯುತರಾದ ಚುನಾಯಿತ ಅಧ್ಯಕ್ಷ ಆರಿಸ್ಟೀಡ್, 1997ರಲ್ಲಿ ಸಿಯೆರಾ ಲಿಯೋನ್‌ನಲ್ಲಿ ಪದಚ್ಯುತರಾದ ಅಧ್ಯಕ್ಷ ಕಬ್ಬಾ, ಇಬ್ಬರ ಪ್ರತಿನಿಧಿಗಳನ್ನೂ ವಿಶ್ವಸಂಸ್ಥೆ ಮಾನ್ಯ ಮಾಡಿತ್ತು, ಇಬ್ಬರೂ ಮತ್ತೆ ಅಧಿಕಾರಕ್ಕೆ ಮರಳಿದರು. ಆದರೆ ಅವರನ್ನು ಮರಳಿಸಿದ್ದು ಮಾನ್ಯತೆಯ ಪತ್ರವಲ್ಲ. ಹೈಟಿಗೆ 1994ರಲ್ಲಿ ಭದ್ರತಾ ಮಂಡಳಿಯ 940ನೇ ನಿರ್ಣಯದ ಬಲದಿಂದ ಅಮೆರಿಕದ ಸೇನೆ ಹೊರಟಿತು. ಸಿಯೆರಾ ಲಿಯೋನ್‌ಗೆ 1998ರಲ್ಲಿ ನೈಜೀರಿಯಾ ಮುಂದಾಳತ್ವದ ಪಶ್ಚಿಮ ಆಫ್ರಿಕಾದ ಪಡೆ ನುಗ್ಗಿತು. ಇದಕ್ಕೆ ತೀರ ವಿರುದ್ಧವಾದದ್ದು ಕಾಂಬೋಡಿಯಾದ ಪ್ರಕರಣ. 1979ರಲ್ಲಿ ವಿಯೆಟ್ನಾಂ ಸೇನೆ ಓಡಿಸಿದ ಖ್ಮೇರ್ ರೂಜ್ ಆಡಳಿತ, ಲಕ್ಷಾಂತರ ಜನರನ್ನು ಕೊಂದ ಆಡಳಿತ, ಆ ನಂತರವೂ ವರ್ಷಗಟ್ಟಲೆ ವಿಶ್ವಸಂಸ್ಥೆಯಲ್ಲಿ ಕಾಂಬೋಡಿಯಾದ ಆಸನವನ್ನು ಉಳಿಸಿಕೊಂಡಿತ್ತು, ಏಕೆಂದರೆ ಚೀನಾ, ಅಮೆರಿಕ ಮತ್ತು ಆಗ್ನೇಯ ಏಷ್ಯಾ ರಾಷ್ಟ್ರಗಳ ಒಕ್ಕೂಟವಾದ ಆಸಿಯಾನ್‌ನ ದೇಶಗಳ ಅಂದಿನ ಲೆಕ್ಕಾಚಾರಕ್ಕೆ ಅದು ಅನುಕೂಲವಾಗಿತ್ತು. ಮ್ಯಾನ್ಮಾರ್‌ನ ಆಸನ ಚುನಾಯಿತರ ಕಡೆ ಉಳಿದದ್ದನ್ನು ತತ್ವದ ಗೆಲುವು ಎಂದು ಕರೆಯುವ ಮುಂಚೆ ಇದನ್ನು ನೆನಪಿಟ್ಟುಕೊಳ್ಳಬೇಕು.

2021ರ ಡಿಸೆಂಬರ್ 1ರಂದು ಸಮಿತಿ ಮಾಡಿದ್ದಿಷ್ಟೇ: ತೀರ್ಮಾನವನ್ನು ಮುಂದೂಡಿತು. ತೀರ್ಮಾನ ಆಗದಿದ್ದರೆ ಹಿಂದೆ ಕುಳಿತಿದ್ದವರೇ ಮುಂದುವರಿಯುತ್ತಾರೆ ಎಂಬ ರೂಢಿಯಿಂದ ಕ್ಯಾವ್ ಮೋ ತುನ್ ಉಳಿದರು. 2022, 2023, 2024ರಲ್ಲೂ ಅದೇ ಮುಂದೂಡಿಕೆ ನಡೆಯಿತು. ಆದರೆ 2021ರ ಸೆಪ್ಟೆಂಬರಿನಲ್ಲಿ ಜಗತ್ತಿನ ನಾಯಕರೆಲ್ಲ ಮಾತನಾಡುವ ವಾರದಲ್ಲಿ ಅವರು ಮಾತನಾಡಲಿಲ್ಲ. ಅವರು ಮೌನವಾಗಿದ್ದರೆ ಆಸನದ ಪ್ರಶ್ನೆಯನ್ನು ಕೆದಕುವುದಿಲ್ಲ ಎಂಬ ಒಪ್ಪಂದ ಅಮೆರಿಕ ಮತ್ತು ಚೀನಾ ನಡುವೆ ಆಗಿತ್ತೆಂದು ವರದಿಯಾಯಿತು. ಅಷ್ಟಾದರೂ ಆಸನ ಪೂರ್ತಿ ನಿಷ್ಪ್ರಯೋಜಕವಾಗಿರಲಿಲ್ಲ. ಆ ವರ್ಷದ ಜೂನ್ 18ರಂದು ಮ್ಯಾನ್ಮಾರ್‌ಗೆ ಆಯುಧ ಹರಿಯುವುದನ್ನು ತಡೆಯಿರಿ ಎಂಬ ನಿರ್ಣಯ ಸಾಮಾನ್ಯ ಸಭೆಗೆ ಬಂದಾಗ 119 ದೇಶಗಳು ಪರವಾಗಿ ಮತ ಹಾಕಿದವು, ಬೆಲಾರಸ್ ಒಂದೇ ವಿರುದ್ಧ ಹಾಕಿತು, ಭಾರತ, ಚೀನಾ, ರಷ್ಯಾ ಸೇರಿ 36 ದೇಶಗಳು ದೂರ ಉಳಿದವು. ಪರವಾಗಿ ಮತ ಹಾಕಿದ 119ರಲ್ಲಿ ಮ್ಯಾನ್ಮಾರ್ ಕೂಡ ಒಂದು. ತನ್ನದೇ ಸೇನೆಗೆ ಆಯುಧ ಕೊಡಬೇಡಿ ಎಂದು ಒಂದು ದೇಶ ಜಗತ್ತಿನೆದುರು ಮತ ಹಾಕಿದ ಆ ಗಳಿಗೆಯಲ್ಲಿ, ಆ ಕುರ್ಚಿಯಲ್ಲಿ ಬೇರೆಯವರು ಕುಳಿತಿದ್ದರೆ ಏನಾಗುತ್ತಿತ್ತು ಎಂದು ಊಹಿಸಿದರೆ ಸಾಕು.

ಆದರೆ ಇದೇ ರಕ್ಷಣೆ ಎಲ್ಲ ಕಡೆಯೂ ಸಿಗಲಿಲ್ಲ. ಲಂಡನ್ನಿನಲ್ಲಿ ಮ್ಯಾನ್ಮಾರ್‌ನ ರಾಯಭಾರಿಯೂ ದಂಗೆಯನ್ನು ಖಂಡಿಸಿ ಸೂ ಕಿ ಬಿಡುಗಡೆಗೆ ಒತ್ತಾಯಿಸಿದ್ದರು. ಏಪ್ರಿಲ್ 7ರಂದು ಅವರು ಹೊರಗೆ ಹೋಗಿದ್ದಾಗ ಅವರ ಕೈಕೆಳಗಿನ ಅಧಿಕಾರಿಗಳು ರಾಯಭಾರ ಕಚೇರಿಯ ಬಾಗಿಲು ಹಾಕಿಕೊಂಡರು. ಅವರು ಆ ರಾತ್ರಿಯನ್ನು ಕಚೇರಿಯ ಎದುರು ತಮ್ಮ ಕಾರಿನಲ್ಲಿ ಕಳೆದರು. ಬ್ರಿಟನ್ ಸರ್ಕಾರ ಸೇನೆಯ ವರ್ತನೆಯನ್ನು ಖಂಡಿಸಿತು, ಆದರೆ ಅವರ ನೇಮಕ ರದ್ದಾಗಿದೆ ಎಂಬ ಸೇನಾ ಸರ್ಕಾರದ ಸೂಚನೆಯನ್ನು ರಾಜತಾಂತ್ರಿಕ ನಿಯಮದ ಪ್ರಕಾರ ಒಪ್ಪಿಕೊಂಡಿತು. ಒಂದೇ ದೇಶದ ಇಬ್ಬರು ಪ್ರತಿನಿಧಿಗಳು, ಒಂದೇ ನಿಲುವು. ಒಬ್ಬರಿಗೆ ಆಸನ, ಇನ್ನೊಬ್ಬರಿಗೆ ಕಾರಿನ ಸೀಟು. ಹಲವು ದೇಶಗಳು ಕೂಡಿ ತೀರ್ಮಾನಿಸುವ ಸಂಸ್ಥೆಯ ನಿಧಾನವೇ ನ್ಯೂಯಾರ್ಕಿನಲ್ಲಿ ಒಬ್ಬರನ್ನು ಕಾಪಾಡಿತು ಎಂಬುದು ಈ ಪ್ರಕರಣದಲ್ಲಿ ನನಗೆ ಅನಿರೀಕ್ಷಿತವಾಗಿ ಕಂಡ ಸಂಗತಿ.

ಆಸಿಯಾನ್‌ನ ಐದು ಅಂಶ

ಭದ್ರತಾ ಮಂಡಳಿಯ ಪ್ರತಿ ಹೇಳಿಕೆಯೂ ‘ಆಸಿಯಾನ್‌ನ ಪ್ರಯತ್ನಕ್ಕೆ ಬೆಂಬಲ’ ಎಂದು ಹೇಳುತ್ತಿತ್ತು. ಹತ್ತಿರದವರಿಗೆ ಹೆಚ್ಚು ಗೊತ್ತು ಎಂಬ ತರ್ಕ ಅದು. 2021ರ ಏಪ್ರಿಲ್ 24ರಂದು ಜಕಾರ್ತಾದಲ್ಲಿ ಸೇನಾ ಮುಖ್ಯಸ್ಥ ಮಿನ್ ಆಂಗ್ ಹ್ಲೈಂಗ್ ಅವರನ್ನೂ ಕೂರಿಸಿಕೊಂಡು ಆಸಿಯಾನ್ ನಾಯಕರು ಐದು ಅಂಶಗಳಿಗೆ ಒಪ್ಪಿದರು: ಹಿಂಸೆ ಕೂಡಲೇ ನಿಲ್ಲಬೇಕು, ಎಲ್ಲ ಪಕ್ಷಗಳ ನಡುವೆ ಮಾತುಕತೆಯಾಗಬೇಕು, ಆಸಿಯಾನ್‌ನ ವಿಶೇಷ ದೂತರು ಮಧ್ಯಸ್ಥಿಕೆ ವಹಿಸಬೇಕು, ಮಾನವೀಯ ನೆರವು ತಲುಪಬೇಕು, ದೂತರು ಭೇಟಿ ಕೊಟ್ಟು ಎಲ್ಲರನ್ನೂ ಕಾಣಬೇಕು. ರಾಜಕೀಯ ಕೈದಿಗಳ ಬಿಡುಗಡೆ ಆ ಐದರಲ್ಲಿ ಇರಲಿಲ್ಲ. ದೇಶದಲ್ಲಿ ಸ್ಥಿರತೆ ಮರಳಿದ ಮೇಲೆ ಈ ಸಲಹೆಗಳನ್ನು ಪರಿಶೀಲಿಸುತ್ತೇವೆ ಎಂದು ಊರಿಗೆ ಹಿಂತಿರುಗಿದ ಮಿನ್ ಆಂಗ್ ಹ್ಲೈಂಗ್ ಆಡಳಿತ ಹೇಳಿತು. ಆಸಿಯಾನ್ ನೇಮಿಸಿದ ಬ್ರೂನಿಯ ದೂತರಿಗೆ ಸೂ ಕಿ ಅವರನ್ನು ಕಾಣಲು ಅವಕಾಶ ಸಿಗದ ಕಾರಣ ಅವರು ದೂತರಾಗಿ ಹೋಗಲೇ ಇಲ್ಲ. 2022ರಲ್ಲಿ ಆಸಿಯಾನ್ ಅಧ್ಯಕ್ಷತೆ ಹೊತ್ತಿದ್ದ ಕಾಂಬೋಡಿಯಾದ ಪ್ರಧಾನಿ ಹುನ್ ಸೇನ್ ಮರಣದಂಡನೆ ಬೇಡ ಎಂದು ಸ್ವತಃ ಪತ್ರ ಬರೆದು ಬೇಡಿಕೊಂಡಿದ್ದರು. ಜುಲೈ ತಿಂಗಳಲ್ಲಿ ಮಾಜಿ ಸಂಸದರೊಬ್ಬರೂ ಹಿರಿಯ ಪ್ರಜಾಪ್ರಭುತ್ವ ಹೋರಾಟಗಾರರೊಬ್ಬರೂ ಸೇರಿದಂತೆ ನಾಲ್ವರನ್ನು ಗಲ್ಲಿಗೇರಿಸಲಾಯಿತು. ಮೂರು ದಶಕಗಳ ನಂತರ ಆ ದೇಶದಲ್ಲಿ ಜಾರಿಯಾದ ಮೊದಲ ಮರಣದಂಡನೆಗಳು ಅವು.

ಆಸಿಯಾನ್‌ನ ಸನ್ನದು ಪ್ರಜಾಪ್ರಭುತ್ವವನ್ನೂ ಮಾನವ ಹಕ್ಕುಗಳನ್ನೂ ಹೆಸರಿಸುತ್ತದೆ, ಜೊತೆಗೆ ಎಲ್ಲ ತೀರ್ಮಾನ ಒಮ್ಮತದಿಂದಲೇ ಆಗಬೇಕು, ಯಾರೂ ಯಾರ ಒಳಗಿನ ವಿಷಯಕ್ಕೆ ಹೋಗಬಾರದು ಎಂದೂ ಕಟ್ಟುಹಾಕುತ್ತದೆ. ಸದಸ್ಯರಲ್ಲೇ ಸೇನಾ ದಂಗೆ ಕಂಡ, ಒಂದೇ ಪಕ್ಷ ಆಳುವ ದೇಶಗಳಿರುವಾಗ ಒಮ್ಮತ ಎಂದರೆ ಅತ್ಯಂತ ಹಿಂಜರಿಯುವವರ ನಡಿಗೆಯೇ ಎಲ್ಲರ ನಡಿಗೆ. ಆದರೂ 2021ರ ಅಕ್ಟೋಬರಿನಿಂದ ಸೇನಾ ಮುಖ್ಯಸ್ಥರನ್ನು ಶೃಂಗಸಭೆಗೆ ಕರೆಯದಿರುವುದು, 2026ರ ಅಧ್ಯಕ್ಷತೆಯನ್ನು ಮ್ಯಾನ್ಮಾರ್ ಬದಲು ಫಿಲಿಪ್ಪೀನ್ಸ್‌ಗೆ ಕೊಡುವುದು ಆ ಸಂಸ್ಥೆಯ ಇತಿಹಾಸದಲ್ಲಿ ಸಣ್ಣ ಹೆಜ್ಜೆಗಳಲ್ಲ. ಇಲ್ಲಿಯೂ ಕೊಡದೆ ಇರುವುದು ಸಾಧ್ಯವಾಯಿತು, ಕೊಡಿಸುವುದು ಆಗಲಿಲ್ಲ.

ಹೇಗ್ ನಗರದ ಎರಡು ನ್ಯಾಯಾಲಯಗಳು

ರೊಹಿಂಗ್ಯಾಗಳ ಮೇಲೆ ನಡೆದದ್ದು ನರಮೇಧ ಎಂದು ಗ್ಯಾಂಬಿಯಾ 2019ರ ನವೆಂಬರಿನಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ದಾವೆ ಹೂಡಿತ್ತು. ಮರುವರ್ಷ ಜನವರಿ 23ರಂದು ನ್ಯಾಯಾಲಯ ತಾತ್ಕಾಲಿಕ ರಕ್ಷಣೆಯ ಆದೇಶವನ್ನೂ ಕೊಟ್ಟಿತ್ತು. 2022ರ ಫೆಬ್ರುವರಿಯಲ್ಲಿ ಪ್ರಾಥಮಿಕ ಆಕ್ಷೇಪಗಳ ವಿಚಾರಣೆಗೆ ಮ್ಯಾನ್ಮಾರ್‌ನ ಪರವಾಗಿ ಹಾಜರಾದವರು ಸೇನೆಯ ಸಚಿವರು. ನ್ಯೂಯಾರ್ಕಿನಲ್ಲಿ ಚುನಾಯಿತ ಸರ್ಕಾರದ ಪ್ರತಿನಿಧಿ ಕುಳಿತಿದ್ದ ಅದೇ ಹೊತ್ತಿನಲ್ಲಿ ವಿಶ್ವಸಂಸ್ಥೆಯದೇ ನ್ಯಾಯಾಲಯದಲ್ಲಿ ಸೇನೆಯ ಪ್ರತಿನಿಧಿ ಕುಳಿತಿದ್ದರು. ಇಲ್ಲಿ ಕಕ್ಷಿದಾರರು ರಾಷ್ಟ್ರಗಳೇ ಹೊರತು ಸರ್ಕಾರಗಳಲ್ಲ ಎಂದು ನ್ಯಾಯಾಲಯದ ಅಧ್ಯಕ್ಷೆ ವಿಚಾರಣೆಯ ಆರಂಭದಲ್ಲೇ ಸ್ಪಷ್ಟಪಡಿಸಿದರು. ಕಾನೂನಿನ ದೃಷ್ಟಿಯಿಂದ ಸರಿ. ಕೊಂದವರೇ ದೇಶದ ಹೆಸರಿನಲ್ಲಿ ನಿಂತು ವಾದಿಸುವುದನ್ನು ನೋಡಿದ ರೊಹಿಂಗ್ಯಾಗಳಿಗೆ ಆ ಸರಿಯಿಂದ ಸಮಾಧಾನ ಸಿಕ್ಕಿರಲಾರದು. ಜುಲೈ 22ರಂದು ಸೇನೆಯ ಆಕ್ಷೇಪಗಳನ್ನು ನ್ಯಾಯಾಲಯ ತಳ್ಳಿಹಾಕಿತು.

ದೇಶಗಳನ್ನಲ್ಲ, ವ್ಯಕ್ತಿಗಳನ್ನು ವಿಚಾರಣೆಗೆ ಗುರಿಪಡಿಸುವ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಕಥೆ ಬೇರೆ. ಮ್ಯಾನ್ಮಾರ್ ಅದರ ಸದಸ್ಯ ದೇಶವಲ್ಲ. ಭದ್ರತಾ ಮಂಡಳಿ ಪ್ರಕರಣವನ್ನು ಒಪ್ಪಿಸಬಹುದಿತ್ತು, ಒಪ್ಪಿಸಲಿಲ್ಲ. ಆದರೆ ಗಡೀಪಾರಿನ ಅಪರಾಧ ಗಡಿ ದಾಟಿದ ಮೇಲೆಯೇ ಪೂರ್ತಿಯಾಗುತ್ತದೆ, ದಾಟಿ ಬಂದ ನೆಲ ಸದಸ್ಯ ದೇಶವಾದ ಬಾಂಗ್ಲಾದೇಶದ್ದು ಎಂಬ ತರ್ಕದಿಂದ 2019ರಲ್ಲಿ ತನಿಖೆಗೆ ಅನುಮತಿ ಸಿಕ್ಕಿತು. ಜಾಣ ದಾರಿ, ಆದರೆ ಕಿರಿದಾದದ್ದು. ದೇಶದೊಳಗೇ ಕೊಲ್ಲಲ್ಪಟ್ಟ, ಬಹುಸಂಖ್ಯಾತ ಬಮರ್ ಸಮುದಾಯದ ಯುವಕ, ಬಾಂಬ್ ಬಿದ್ದ ಸಗಾಯಿಂಗ್‌ನ ಹಳ್ಳಿ ಆ ದಾರಿಯಲ್ಲಿ ಬರುವುದಿಲ್ಲ. ಅವರಿಗಾಗಿ ಏಕತಾ ಸರ್ಕಾರ 2021ರ ಜುಲೈನಲ್ಲಿ ನ್ಯಾಯಾಲಯದ ಅಧಿಕಾರವನ್ನು 2002ರಿಂದಲೇ ಒಪ್ಪುತ್ತೇವೆ ಎಂದು ಘೋಷಣಾಪತ್ರ ಕಳಿಸಿತು. ಆ ಪತ್ರ ಮಾನ್ಯವೇ ಎಂಬುದು ಮತ್ತೆ, ಸರ್ಕಾರ ಯಾವುದು ಎಂಬ ತೀರ್ಮಾನವಾಗದ ಪ್ರಶ್ನೆಗೇ ಹೋಗಿ ನಿಲ್ಲುತ್ತದೆ. ನ್ಯೂಯಾರ್ಕಿನಲ್ಲಿ ವರ್ಷವರ್ಷ ಮುಂದೂಡಿದ್ದರ ಭಾರ ಹೇಗ್‌ನಲ್ಲಿ ಬಿದ್ದದ್ದು ಹೀಗೆ. 2024ರ ನವೆಂಬರ್ 27ರಂದು ಮಿನ್ ಆಂಗ್ ಹ್ಲೈಂಗ್ ವಿರುದ್ಧ ಬಂಧನ ವಾರಂಟ್ ಕೋರಿ ಪ್ರಾಸಿಕ್ಯೂಟರ್ ಅರ್ಜಿ ಹಾಕಿದರು. ಅದೂ ರೊಹಿಂಗ್ಯಾ ಪ್ರಕರಣಕ್ಕಷ್ಟೇ ಸೀಮಿತ. 2025ರ ಫೆಬ್ರುವರಿಯಲ್ಲಿ ಅರ್ಜೆಂಟೀನಾದ ಒಂದು ನ್ಯಾಯಾಲಯವೂ ಅದೇ ಸಮುದಾಯದ ದೂರಿನ ಮೇಲೆ ವಾರಂಟ್ ಹೊರಡಿಸಿತು. ಹಿಡಿದು ತರುವ ಪೊಲೀಸರು ಎರಡೂ ಕಡೆ ಇಲ್ಲ.

ಹಣ, ಆಯುಧ

ದಂಗೆಗೆ ಕೆಲವೇ ದಿನ ಮೊದಲು ಅಂತರರಾಷ್ಟ್ರೀಯ ಹಣಕಾಸು ನಿಧಿ ಕೋವಿಡ್ ಪರಿಹಾರಕ್ಕೆಂದು ಸುಮಾರು 35 ಕೋಟಿ ಡಾಲರ್ ಕಳಿಸಿತ್ತು. ಯಾವ ಷರತ್ತೂ ಇಲ್ಲದ ತುರ್ತು ನೆರವಾದ್ದರಿಂದ ಅದನ್ನು ವಾಪಸ್ ಪಡೆಯುವ ದಾರಿ ಇರಲಿಲ್ಲ. ವಿಶ್ವಬ್ಯಾಂಕ್ ಮುಂದಿನ ಕಂತುಗಳನ್ನು ತಡೆಹಿಡಿಯಿತು.

ಇದಕ್ಕಿಂತ ಹೆಚ್ಚು ಕಲಿಸುವುದು ಆಯುಧದ ಲೆಕ್ಕ. ಮಾನವ ಹಕ್ಕುಗಳ ಮಂಡಳಿ ನೇಮಿಸಿದ ವಿಶೇಷ ವರದಿಗಾರ ಟಾಮ್ ಆಂಡ್ರೂಸ್ 2023ರ ಮೇ ತಿಂಗಳಲ್ಲಿ, ದಂಗೆಯ ನಂತರ ಸೇನೆ ನೂರು ಕೋಟಿ ಡಾಲರಿನಷ್ಟು ಆಯುಧ, ಬಿಡಿಭಾಗ, ಕಚ್ಚಾ ಸಾಮಗ್ರಿ ತರಿಸಿಕೊಂಡಿದೆ ಎಂದು ಸರಕಿನ ದಾಖಲೆಗಳಿಂದಲೇ ತೋರಿಸಿದರು. ರಷ್ಯಾದಿಂದ 40.6 ಕೋಟಿ, ಚೀನಾದಿಂದ 26.7 ಕೋಟಿ, ಸಿಂಗಪುರದಲ್ಲಿ ನೆಲೆಸಿದ ಕಂಪನಿಗಳಿಂದ 25.4 ಕೋಟಿ, ಭಾರತದ ಸರ್ಕಾರಿ ಮತ್ತು ಖಾಸಗಿ ಸಂಸ್ಥೆಗಳಿಂದ 5.1 ಕೋಟಿ, ಥಾಯ್ಲೆಂಡ್‌ನಿಂದ 2.8 ಕೋಟಿ ಡಾಲರ್. ಈ ವರದಿಗಾರರಿಗೆ ಸಂಬಳವಿಲ್ಲ, ದೇಶದೊಳಗೆ ಪ್ರವೇಶವಿಲ್ಲ, ಯಾರನ್ನೂ ಶಿಕ್ಷಿಸುವ ಅಧಿಕಾರವಿಲ್ಲ. ಆದರೂ ವರದಿ ಬಂದ ಮೇಲೆ ಸಿಂಗಪುರ ಸರ್ಕಾರ ತನಿಖೆ ನಡೆಸಿತು. ಮುಂದಿನ ವರ್ಷದ ವರದಿಯ ಪ್ರಕಾರ ಅಲ್ಲಿನ ಕಂಪನಿಗಳಿಂದ ಹೋಗುತ್ತಿದ್ದ ಸಾಮಗ್ರಿ ವರ್ಷಕ್ಕೆ 11 ಕೋಟಿ ಡಾಲರಿನಿಂದ ಸುಮಾರು 1 ಕೋಟಿಗೆ ಇಳಿಯಿತು. ಅದೇ ವರದಿಯಲ್ಲಿ, ಸಿಂಗಪುರ ಬಿಟ್ಟ ಜಾಗವನ್ನು ಥಾಯ್ಲೆಂಡ್‌ನ ಬ್ಯಾಂಕುಗಳ ಮೂಲಕ ನಡೆದ ಖರೀದಿ ಭಾಗಶಃ ತುಂಬಿದ್ದೂ ದಾಖಲಾಗಿದೆ. ಇಡೀ ಪ್ರಕರಣದಲ್ಲಿ ಸೇನೆಯ ಆಯುಧಕ್ಕೆ ಅಳೆಯಬಹುದಾದ ಪೆಟ್ಟು ಕೊಟ್ಟದ್ದು ಭದ್ರತಾ ಮಂಡಳಿಯ ನಿರ್ಣಯವಲ್ಲ. ಒಬ್ಬರು ಬರೆದ ಒಂದು ವರದಿ ಮತ್ತು ಅದನ್ನು ಓದಿ ಕೆಲಸಕ್ಕಿಳಿದ ಒಂದು ಸರ್ಕಾರ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಅನುಭವವೂ ಇಲ್ಲಿ ಸೇರಬೇಕು. ತನ್ನ ಸಂವಿಧಾನದ 33ನೇ ವಿಧಿಯನ್ನು, ಅಂದರೆ ಸದಸ್ಯರೆಲ್ಲ ಒಂದು ದೇಶದೊಡನೆ ತಮ್ಮ ಸಂಬಂಧವನ್ನು ಮರುಪರಿಶೀಲಿಸಬೇಕೆಂದು ಕೇಳುವ ಕೊನೆಯ ಅಸ್ತ್ರವನ್ನು, ಆ ಸಂಘಟನೆ ಮೊಟ್ಟಮೊದಲು ಎತ್ತಿದ್ದು 2000ದಲ್ಲಿ, ಬಲವಂತದ ದುಡಿಮೆಯ ಕಾರಣಕ್ಕೆ ಮ್ಯಾನ್ಮಾರ್ ವಿರುದ್ಧವೇ. 2025ರ ಜೂನ್‌ನಲ್ಲಿ ಮ್ಯಾನ್ಮಾರ್ ವಿರುದ್ಧವೇ ಅದನ್ನು ಇನ್ನೊಮ್ಮೆ ಎತ್ತಿತು.

ಇದೆಲ್ಲ ನಡೆಯುವಷ್ಟರಲ್ಲಿ ದೇಶದೊಳಗೆ ಮೂವತ್ತು ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟು ಚದುರಿದ್ದರು. ಸೇನೆ ಕೊಂದವರನ್ನು ಹೆಸರು ಹೆಸರಾಗಿ ದಾಖಲಿಸುತ್ತಿರುವ ರಾಜಕೀಯ ಕೈದಿಗಳ ನೆರವು ಸಂಘದ ಪಟ್ಟಿ 2025ರ ಹೊತ್ತಿಗೆ ಆರು ಸಾವಿರ ದಾಟಿತ್ತು. ಸೂ ಕಿ ಪಕ್ಷ ಮರುನೋಂದಣಿಗೆ ಒಪ್ಪದ ಕಾರಣಕ್ಕೆ 2023ರ ಮಾರ್ಚಿನಲ್ಲಿ ಅದನ್ನು ವಿಸರ್ಜಿಸಲಾಯಿತು. ಆ ಪಕ್ಷವನ್ನು ಹೊರಗಿಟ್ಟು, ಹೋರಾಟಗಾರರ ಕೈಯಲ್ಲಿರುವ ಅನೇಕ ಪಟ್ಟಣಗಳಲ್ಲಿ ಮತದಾನವೇ ಇಲ್ಲದೆ, 2025ರ ಡಿಸೆಂಬರ್ 28ರಿಂದ ಹಂತ ಹಂತವಾಗಿ ಸೇನೆ ಚುನಾವಣೆ ನಡೆಸಿತು.

ಇನ್ನು ಮುಂದೆ ನ್ಯೂಯಾರ್ಕಿಗೆ ಬರುವ ಪತ್ರದಲ್ಲಿ ಸೇನಾಡಳಿತದ ಮೊಹರಿನ ಬದಲು ‘ಚುನಾಯಿತ’ ಅಧ್ಯಕ್ಷರೊಬ್ಬರ ಸಹಿ ಇರುತ್ತದೆ. ಇಷ್ಟು ವರ್ಷ ಮುಂದೂಡಿಕೆಗೆ ಆಸರೆಯಾಗಿದ್ದ ಅನುಮಾನವನ್ನು ತೊಡೆದುಹಾಕಲೆಂದೇ ಈ ಚುನಾವಣೆ ನಡೆದಿದೆ. ಮುಂದೂಡುವುದೊಂದನ್ನೇ ರೂಢಿ ಮಾಡಿಕೊಂಡ ಸಮಿತಿಗೆ, 1950ರ ನಿರ್ಣಯವನ್ನು ತೆರೆದು, 2020ರಲ್ಲಿ ಗೆದ್ದ 396 ಸ್ಥಾನಗಳು ಎಲ್ಲಿ ಹೋದವು ಎಂದು ಕೇಳುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಕೇಳುವ ಒಂದು ಸದಸ್ಯ ದೇಶ ಬೇಕು.